ಗುಲಾಬಿ ಗಿಡದ ತಿರುವು

ಭಾನುವಾರ, ೧೪ ಸೆಪ್ಟೆಂಬರ್

ರೈಲು ಸಾಹೇಬರಿಗೆ, ಸಾಷ್ಟಾಂಗವೇನೂ ಇಲ್ಲ, ಬರೀ ನಮಸ್ಕಾರ.

ನೀವು ಮುನಿಸಿಕೊಂಡು ತಂಗಿಯ ಮನೆ ಸೇರಿ ಇವತ್ತಿಗೆ ಹತ್ತೊಂಬತ್ತು ದಿನ. ಫೋನ್ ಮಾಡಿದಾಗಲೆಲ್ಲ ಅವಳೇ ಎತ್ತಿ, ಅಣ್ಣ ಸ್ನಾನಕ್ಕೆ ಹೋಗಿದ್ದಾನೆ ಅತ್ತಿಗೆ ಅನ್ನುತ್ತಾಳೆ. ಹತ್ತೊಂಬತ್ತು ದಿನವೂ ಸ್ನಾನವೇ? ಅದಕ್ಕೇ ಈ ಕಾಗದ.

ಅವತ್ತು ನಿಮ್ಮ ಗಡಿಯಾರ ರಿಪೇರಿಯ ಗೆಳೆಯರನ್ನೆಲ್ಲ ಕರೆದು, ಹಿತ್ತಲ ಸುತ್ತ ಹಾಕಿದ ಪುಟ್ಟ ರೈಲನ್ನು ಓಡಿಸಿ ತೋರಿಸಿದಿರಿ. ಗುಲಾಬಿ ಗಿಡದ ತಿರುವಿನಲ್ಲಿ ಹಳಿ ಕುಸಿದು ಎಂಜಿನ್ ಕೆಸರಿಗೆ ಬಿತ್ತು. ಎಲ್ಲರೂ ನಕ್ಕರು. ನೀವು ಅವರೆದುರಿಗೇ, ನೀನೇ ಅಲ್ಲಿ ನೀರು ಬಿಟ್ಟು ಮಣ್ಣು ಸಡಿಲ ಮಾಡಿದ್ದೀಯ ಅಂದಿರಿ. ನಾನು, ಒಂದು ತೊಟ್ಟು ನೀರೂ ಬಿಟ್ಟಿಲ್ಲ, ನಿಮಗೆ ಕೆಲಸ ಬರೋಲ್ಲ ಅಷ್ಟೇ ಅಂದೆ. ಚೀಲ ತಗೊಂಡು ಹೊರಟೇಬಿಟ್ಟಿರಿ.

ಅಲ್ರೀ, ಇಪ್ಪತ್ತೆರಡು ವರ್ಷದಿಂದ ರಸ್ತೆ ಕೆಲಸದ ಮೇಲ್ವಿಚಾರಕಿ ನಾನು. ಲಾರಿ ಓಡಾಡುವ ರಸ್ತೆ ಹಾಕಿಸಿದವಳು. ಆಟದ ರೈಲಿಗೆ ತಳಪಾಯ ಹಾಕುವಾಗ ನನ್ನನ್ನು ಒಂದು ಮಾತು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಹಸಿ ಮಣ್ಣಿನ ಮೇಲೆ ಜಲ್ಲಿ ಸುರಿದು, ಅದು ಅಲುಗಾಡಬಾರದೆಂದು ಸಿಮೆಂಟ್ ನೀರು ಹೊಯ್ದಿದ್ದೀರಿ! ಸಡಿಲ ಜಲ್ಲಿಯಾದರೆ ಮಣ್ಣು ಇಳಿದಾಗ ಇನ್ನೊಂದು ಹಿಡಿ ತುರುಕಿ ಹಳಿ ಎತ್ತಬಹುದು. ಇದು ಬಿಸ್ಕತ್ತಿನ ಹಾಗೆ ಮುರಿದು ಕೂತಿತ್ತು.

ಮೊನ್ನೆ ರಜೆ ಹಾಕಿ ಎಲ್ಲ ಕಿತ್ತೆ. ಯಾರು ಹೇಳಿದ್ದರು ಅಂತ ಕೇಳಬೇಡಿ. ಕಣ್ಣೆದುರು ಕೆಟ್ಟ ಕೆಲಸ ಇದ್ದರೆ ನನಗೆ ಊಟ ಸೇರೋಲ್ಲ. ಗೇಣಾಳ ತೋಡಿ, ಇಟ್ಟಿಗೆ ಚೂರು ತುಂಬಿ ದಮ್ಮಸು ಹೊಡೆದು ಗಟ್ಟಿ ಮಾಡಿದೆ. ಅದರ ಮೇಲೆ ಸಿಮೆಂಟ್ ಇಟ್ಟಿಗೆಗಳನ್ನು ಸಾಲಾಗಿ ಕೂರಿಸಿ, ರಸಮಟ್ಟ ಇಟ್ಟು ಮಟ್ಟ ನೋಡಿದೆ. ಸಣ್ಣ ಜಲ್ಲಿಯನ್ನು ಅಡುಗೆಮನೆಯ ಜರಡಿಯಲ್ಲೇ ಜರಡಿ ಹಿಡಿದು, ಹಳಿಯ ಅಡ್ಡಪಟ್ಟಿಗಳ ಸಂದಿಗೆ ಬ್ರಷ್ಷಿನಲ್ಲಿ ತಳ್ಳಿ ತಳ್ಳಿ ತುಂಬಿದೆ. ನನ್ನ ಮೊಣಕಾಲು ಹೋಯಿತು. ನೀವು ಬಿಟ್ಟುಹೋದ ಹಲ್ಲಿನ ಬ್ರಷ್ಷೂ ಹೋಯಿತು.

ಆಮೇಲೆ ರೈಲು ಬಿಟ್ಟೆ. ಏಳು ಸುತ್ತು, ಒಮ್ಮೆಯೂ ಹಳಿ ತಪ್ಪಲಿಲ್ಲ. ನೋಡುವುದಕ್ಕೆ ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಕುಕ್ಕರುಗಾಲಲ್ಲಿ ಅಲ್ಲೇ ಕೂತು ಅತ್ತೆ.

ಬರುತ್ತೀರೋ ಇಲ್ಲವೋ, ಒಂದು ಹೇಳಿಬಿಡಿ. ಬರುವುದಿಲ್ಲವಾದರೆ ಹಳಿಯನ್ನೆಲ್ಲ ಕಿತ್ತು ಅಲ್ಲಿಗೇ ಕಳಿಸುತ್ತೇನೆ. ನಿಮ್ಮ ತಂಗಿಯ ಬಾಲ್ಕನಿಯಲ್ಲಿ ಹಾಕಿಕೊಳ್ಳಿ.

ಇಂತಿ,
ಇಷ್ಟು ವರ್ಷ ನಿಮ್ಮನ್ನು ಸಹಿಸಿಕೊಂಡವಳು

ತಾ.ಕ.: ತಿರುವು ಅಗೆಯುವಾಗ ಗಿಡದ ಬುಡದಲ್ಲಿ ಬಟ್ಟೆ ಮೆಷಿನ್ನಿನ ನೀರು ಹೊರಹೋಗುವ ಪೈಪು ಸಿಕ್ಕಿತು. ಬಚ್ಚಲಲ್ಲಿ ನೀರು ನಿಲ್ಲುತ್ತದೆಂದು ಬೇಸಿಗೆಯಲ್ಲಿ ನಾನೇ ಅತ್ತ ತಿರುಗಿಸಿ ಮಣ್ಣು ಮುಚ್ಚಿದ್ದೆ. ಈಗ ಮೋರಿಗೆ ತಿರುಗಿಸಿದ್ದೇನೆ. ಮರೆತಿದ್ದೆ ಅಂತ ಬರೆಯಲು ಹೊರಟೆ. ಸುಳ್ಳು. ಎಂಜಿನ್ ಬಿದ್ದ ಕ್ಷಣವೇ ನೆನಪಾಗಿತ್ತು. ಮೊದಲು ನೀರಿನ ದಾರಿ ನೋಡ್ರೋ ಅಂತ ದಿನಾ ಕೆಲಸದವರನ್ನು ಬೈಯುವವಳು, ಅಷ್ಟು ಜನರ ಮುಂದೆ ಒಪ್ಪಿಕೊಳ್ಳಲಾರದೆ ಹೋದೆ. ಈಗ ಅವರ ಮುಂದೆಯೇ ಒಪ್ಪಿಕೊಳ್ಳುತ್ತೇನೆ. ಬರುವ ಭಾನುವಾರ ನಿಮ್ಮ ಗೆಳೆಯರನ್ನೆಲ್ಲ ಕರೆದಿದ್ದೇನೆ. ಹೊಸ ಬ್ರಷ್ಷೂ ತಂದಿಟ್ಟಿದ್ದೇನೆ.