ಮಾಳಿಗೆಯ ಮೇಲೆ ನಡೆದ ಶಾಲೆ

ಹೊಳೆಬನ್ನೂರು,
ಫೆಬ್ರುವರಿ ಮೂವತ್ತು, ಇಸವಿ ೨೧೭೪

ನಮಗಿಂತ ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ ಶಾಕಂಭರಿ ಸಿನ್ನೂರಳ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಹೊಸ ಪಂಚಾಂಗದವರು ಫೆಬ್ರುವರಿಗೆ ಎರಡು ದಿನ ಹೆಚ್ಚಿಗೆ ಕೊಟ್ಟಿದ್ದಾರೆ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಹಳೆಯ ಪುಸ್ತಕಗಳನ್ನು ಓದಿ, ನಿಮ್ಮ ಹಾಗೆ ಬರೆಯಲು ಪ್ರಯತ್ನಿಸಿದ್ದೇನೆ. ನಿಮ್ಮ ಕಾಲದಲ್ಲೂ ಒಂದು ಜಾಡ್ಯ ಬಂದು ಶಾಲೆಗಳು ಮುಚ್ಚಿದ್ದವಂತೆ, ಜನ ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿರುಗುತ್ತಿದ್ದರಂತೆ. ಹಾಗಾಗಿ ಈ ಸಂಗತಿ ನಿಮಗೆ ಅರ್ಥವಾದೀತೆಂದು ನಂಬಿದ್ದೇನೆ.

ನಾನು ಎಂಟು ವರ್ಷದವಳಿದ್ದಾಗ ನಮ್ಮ ಸೀಮೆಗೆ ಕೆಂಗಂಟಲು ಬಂತು. ಗಂಟಲು ಕೆಂಡದಂತಾಗಿ ಉಸಿರು ಕಟ್ಟುವ ಜ್ವರವದು. ಮುಚ್ಚಿದ ಕೋಣೆಯಲ್ಲಿ ಬೇಗ ಹರಡುತ್ತಿತ್ತು. ದೊಡ್ಡ ಶಾಲೆಗಳು ತೇಲುಪಾಠಕ್ಕೆ ಹೋದವು, ಅಂದರೆ ಮನೆಯ ನಡುವೆ ಗಾಳಿಯಲ್ಲಿ ಮೂಡುವ ಬೆಳಕಿನ ಮೇಷ್ಟ್ರು. ನೇಕಾರರ ಓಣಿಯ ನಮ್ಮ ಪುಟ್ಟ ಶಾಲೆಗೆ ಅದೆಲ್ಲ ಎಲ್ಲಿಯದು? ಸರಕಾರದ್ದಲ್ಲ, ಯಾವ ಮಠದ್ದೂ ಅಲ್ಲ. ನಮಗೆ ಕಲಿಸುತ್ತಿದ್ದ ಗುರುಸಿದ್ದವ್ವ ಅಕ್ಕೋರು ಒಬ್ಬರೇ ಕಟ್ಟಿ ನಡೆಸಿದ್ದು. ಊರಲ್ಲಿ ರೋಗಿಗಳನ್ನು ಮಲಗಿಸಲು ಜಾಗವಿಲ್ಲವೆಂದಾಗ ಅವರು ಶಾಲೆಯ ಬೀಗದ ಕೈಯನ್ನೇ ಕೊಟ್ಟುಬಿಟ್ಟರು. ಮಕ್ಕಳಿಗೆ ಕೂರಲು ನೆಲವಿಲ್ಲದಂತಾಯಿತು.

ಅಕ್ಕೋರು ಯಾರ ಬಾಗಿಲಿಗೂ ಏನನ್ನೂ ಕೇಳಿಕೊಂಡು ಹೋದವರಲ್ಲ. ಆ ವಾರ ಮನೆಮನೆಗೆ ಹೋದರು. ‘ನಿಮ್ಮ ಮಾಳಗಿ ಕೊಡ್ರಿ, ಮತ್ತೇನೂ ಬ್ಯಾಡ’ ಅಂದರು. ಆಗಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಮಾಳಿಗೆಗಳು ಮಣ್ಣಿನವು, ಸಪಾಟು. ಜನ ಒಣಹಾಕಿದ ನೂಲು ಸರಿಸಿ ಜಾಗ ಮಾಡಿದರು, ನೆರಳಿಗೆ ಹಳೆಯ ಸೀರೆ ಕಟ್ಟಿದರು. ಒಂದೊಂದು ಮಾಳಿಗೆಗೆ ನಾಲ್ಕಾರು ಮಕ್ಕಳು. ಅಕ್ಕೋರು ನಿಂತು ಗಟ್ಟಿಯಾಗಿ ಹೇಳುವರು. ಪಕ್ಕದ ಮಾಳಿಗೆಯವರು ಕೇಳಿ ಅದರಾಚೆಗೆ ಕೂಗುವರು.

ಓಣಿಯ ನಡುವಿನ ಮಾಳಿಗೆ ಮಾತ್ರ ಸಿಗಲಿಲ್ಲ. ಅದು ಮಗ್ಗ ರಿಪೇರಿಯ ಲಾಲಸಾಬ ಕಾಕಾನದು. ಅವನ ಹೆಂಡತಿ ಹಸೀನಾಬಿ ಅದೇ ಜ್ವರದಲ್ಲಿ ತೀರಿಕೊಂಡಿದ್ದಳು.

‘ನನ್ನ ತಲಿ ಮ್ಯಾಲ ಹುಡುಗೂರ ಗದ್ದಲ ಬ್ಯಾಡ್ರಿ ಅಕ್ಕೋರ. ನನಗ ಯಾರ ದನೀನೂ ಬ್ಯಾಡಾಗೈತಿ,’ ಅಂದ.

ಅಕ್ಕೋರು ಒತ್ತಾಯ ಮಾಡಲಿಲ್ಲ. ಆ ಮಾಳಿಗೆ ಖಾಲಿ ಉಳಿದು, ಆಚೆ ಬದಿಯ ಮಕ್ಕಳಿಗೆ ಅರ್ಧ ಮಾತು ಗಾಳಿಗೆ ಹೋಗುತ್ತಿತ್ತು.

ಪಾಠ ಮುಗಿದ ಮೇಲೆ ಅಕ್ಕೋರು ದಿನಾ ಒಂದಿಷ್ಟು ಕಥೆ ಹೇಳುತ್ತಿದ್ದರು. ಮಲಪ್ರಭೆ ಎಲ್ಲಿ ಹುಟ್ಟುತ್ತದೆಂದು ನೋಡಲು ಹೊಳೆಯ ದಂಡೆ ಹಿಡಿದು ಹೊರಟ ಒಂದು ಕುಂಟ ಕತ್ತೆಯ ಕಥೆ. ಕತ್ತೆ ಪ್ರವಾಹಕ್ಕೆ ಸಿಕ್ಕ ದಿನ ಅಕ್ಕೋರ ದನಿ ಒಡೆಯಿತು. ಮರುದಿನ ಅವರನ್ನು ಅವರದೇ ಶಾಲೆಯೊಳಗೆ ರೋಗಿಯಾಗಿ ಮಲಗಿಸಿದರು. ಇನ್ನು ಶಾಲೆ ಮುಗಿದ ಹಾಗೆಯೇ ಅಂದರು ದೊಡ್ಡವರು. ನಾವು ಪಾಟಿ ಚೀಲ ಎತ್ತಿಕೊಂಡು ಇಳಿಯುತ್ತಿದ್ದೆವು. ಅಷ್ಟರಲ್ಲಿ ನಡುವಿನ ಮನೆಯಿಂದ ಲಾಲಸಾಬ ಕಾಕಾ ಏಣಿ ಹತ್ತಿ ಮೇಲೆ ಬಂದ. ಗಡ್ಡ ಬೆಳೆದಿತ್ತು.

‘ಆ ಕುಂಟ ಕತ್ತಿ ಮುಂದ ಏನ ಆತು?’

‘ಗೊತ್ತಿಲ್ಲ ಕಾಕಾ. ಅಕ್ಕೋರು ಹೇಳಿಲ್ಲ,’ ಅಂದೆ ನಾನು.

‘ಹಂಗಾರ ನೀವ ಹೇಳ್ರಿ. ಅದನ್ನ ನಡುನೀರಾಗ ನಿಲ್ಲಿಸಿ ಮನೀಗೆ ಹೋಗತೀರೇನು?’

ಆಮೇಲೆ ದನಿ ತಗ್ಗಿಸಿ ಹೇಳಿದ: ‘ಬೆಳಕಿಂಡಿ ಕೆಳಗ ಮಲಗಿ ದಿನಾ ಕೇಳತಿದ್ದೆ. ಹಸೀನಾ ಹೋದಮ್ಯಾಗ ಈ ಮನ್ಯಾಗ ನನಗ ಆ ಕತ್ತಿ ಒಂದ ಜೋಡ ಇತ್ತು.’

ಅವನೇ ಚಾಪೆ ಹಾಸಿದ. ಕಥೆಯನ್ನು ನಾವು ಮುಂದುವರಿಸಿ ಕತ್ತೆಯನ್ನು ದಡ ಹತ್ತಿಸಿದೆವು. ಮಗ್ಗ ನಿಲ್ಲಿಸಿ ದೊಡ್ಡವರೂ ಸರದಿಯಂತೆ ಮೇಲೆ ಬಂದರು. ಒಬ್ಬರು ಮಗ್ಗಿ ಹೇಳಿಸಿದರು, ಇನ್ನೊಬ್ಬರು ಪದ್ಯ ಕಲಿಸಿದರು. ಓದು ಬರಹ ಬಾರದ ನನ್ನವ್ವ ನಮ್ಮ ನಡುವೆ ಕೂತು ತಾನೂ ಅಕ್ಷರ ತಿದ್ದಿ ಕಲಿತಳು. ಶಾಲೆಯ ರೋಗಿಗಳಿಗೆ ಗಂಜಿ ನಮ್ಮ ಓಣಿಯಿಂದಲೇ ಹೋಗುತ್ತಿತ್ತು. ಸಂಜೆ ಕತ್ತೆಯ ಕಥೆಯನ್ನು ಅಷ್ಟೂ ಜನ ಸೇರಿ, ಶಾಲೆಯ ಕಿಟಕಿಗೆ ಮುಟ್ಟುವಂತೆ ಕೂಗಿ ಹೇಳುತ್ತಿದ್ದೆವು.

ಅಕ್ಕೋರು ಬದುಕಿ ಉಳಿದರು. ದನಿ ಮಾತ್ರ ಹಿಂತಿರುಗಲಿಲ್ಲ, ಬರೀ ಪಿಸುಮಾತು. ಗುಣವಾಗಿ ಹೊರಬಂದ ಮೊದಲ ದಿನ ಲಾಲಸಾಬ ಕಾಕಾ ಕೈ ಹಿಡಿದು ಅವರನ್ನು ತನ್ನ ಮಾಳಿಗೆಗೆ ಹತ್ತಿಸಿದ. ಪಕ್ಕದಲ್ಲಿ ನಾನಿದ್ದೆ. ಕಥೆಯ ನಿಜವಾದ ಕೊನೆ ಯಾವುದೆಂದು ಕೇಳಿದೆ. ಅವರು ನನ್ನ ಕಿವಿಯಲ್ಲಿ, ‘ನನ್ನ ಹತ್ತರ ಕೊನಿ ಇರಲಿಲ್ಲವ್ವಾ. ನೀವು ಹೇಳಿದ್ದ ಖರೆ,’ ಅಂದರು. ನಾನು ಅದನ್ನು ಕೂಗಿ ಹೇಳಿದೆ. ಮಾಳಿಗೆಯಿಂದ ಮಾಳಿಗೆಗೆ ಆ ಮಾತು ಓಣಿಯ ಕೊನೆಯವರೆಗೂ ಹೋಯಿತು.

ಜ್ವರ ಊರು ಬಿಟ್ಟ ಮೇಲೆ ಶಾಲೆಯ ಬೀಗದ ಕೈ ಮರಳಿ ಬಂತು. ನಾವು ಗೋಡೆಗಳ ನಡುವೆ ಕೂತೆವು. ಅಂದು ಕೆಲವು ಮಕ್ಕಳು ಮಾಳಿಗೆಯೇ ಬೇಕೆಂದು ಅತ್ತರು.

ಈಗ ಓಣಿಯ ಮನೆಗಳಿಗೆಲ್ಲ ಇಳಿಜಾರು ಮಾಡು, ಮೇಲೆ ಬಿಸಿಲು ಕುಡಿದು ದೀಪ ಉರಿಸುವ ಬಿಸಿಲುಹಂಚು. ಅನುಕೂಲವಿದೆ, ದೂರುವುದಿಲ್ಲ. ಆದರೆ ಸಂಜೆ ಅಲ್ಲಿ ಯಾರೂ ನಿಲ್ಲುವುದಿಲ್ಲ. ಪಕ್ಕದ ಮನೆಯ ಹುಡುಗಿಯ ಹೆಸರೂ ನನಗೆ ಗೊತ್ತಿಲ್ಲ. ಅಕ್ಕೋರೂ ಇಲ್ಲ, ಕಾಕಾನೂ ಇಲ್ಲ. ಆ ದಿನಗಳು ಕಷ್ಟದವೇ. ಆದರೂ ಅವು ಮತ್ತೆ ಸಿಕ್ಕರೆ ಈ ಮುದಿ ಕಾಲಿನಲ್ಲೂ ಏಣಿ ಹತ್ತಿಬಿಡುತ್ತೇನೆ.

ನಿಮ್ಮಲ್ಲೊಂದು ಬೇಡಿಕೆ. ನಿಮ್ಮ ಓಣಿಯ ಪುಟ್ಟ ಶಾಲೆಯವರು ಎಂದಾದರೂ ಬಾಗಿಲು ತಟ್ಟಿದರೆ, ಕೊಡಲು ನಿಮ್ಮಲ್ಲಿ ಏನೂ ಇಲ್ಲವೆಂದು ಅವರನ್ನು ಹೊಸ್ತಿಲಿಂದಲೇ ಕಳಿಸಬೇಡಿ. ಒಳಗೆ ಕರೆದು, ನೀರು ಕೊಟ್ಟು, ಮಕ್ಕಳು ಹೇಗಿದ್ದಾರೆಂದು ಕೇಳಿ.

ನೀವೆಲ್ಲ ಸುಖವಾಗಿರಿ. ಬರುತ್ತೇನೆ.