ಮಧ್ಯಕ್ಕೆ ಬಂದ ಚೆಂಡು

16 ನವೆಂಬರ್ 2025, ಭಾನುವಾರ

ಬೆಳಿಗ್ಗೆ ಬಿಟ್ಟ ಒಂದು ಚೆಂಡು ಇನ್ನೂ ತಲೆಯಿಂದ ಹೋಗಿಲ್ಲ. ಟೆನಿಸ್ ಡಬಲ್ಸ್‌ಗೆ ಒಬ್ಬರು ಕಡಿಮೆಯಾಗಿ, ಕಾಲೇಜು ಹುಡುಗಿ ಮಾನಸಾ ನನ್ನನ್ನು ಜೊತೆಗೆ ಸೇರಿಸಿಕೊಂಡಿದ್ದಳು. ಚೆಂಡು ನಮ್ಮಿಬ್ಬರ ನಡುವೆ ಬಂತು. ನಾನು ಸುಮ್ಮನೆ ನಿಂತೆ.

“ಏನ್ ಮೇಡಂ, ಪ್ರೊಫೆಷನಲ್ ಆಡಿದೋರು ಹಿಂಗ್ ನಿಂತ್ಬಿಡೋದಾ? ನಿಮ್ದು ಅಂತ ನಾನ್ ಬಿಟ್ಟೆ,” ಎಂದು ನಕ್ಕಳು.

ಕಾಲೇಜಿನಲ್ಲಿ, ಆಮೇಲೆ ಊರೂರಿನ ಟೂರ್ನಮೆಂಟುಗಳಲ್ಲಿ, ಒಂಬತ್ತು ವರ್ಷ ಮಧ್ಯದ ಚೆಂಡು ನನ್ನ ಡಬಲ್ಸ್ ಜೋಡಿ ವನಜಾಕ್ಷಿಯದು. “ನಂದು ಕಣೇ” ಎಂದು ಕೂಗಿಯೇ ಹೊಡೆಯುತ್ತಿದ್ದಳು. ಅವಳು ಮದುವೆಯಾಗಿ ಆಟ ಬಿಡುತ್ತೇನೆ ಎಂದ ದಿನ, “ನನ್ ಆಟಾನೂ ಮುಗಿಸ್ದೆ ಬಿಡು” ಎಂದುಬಿಟ್ಟೆ. ಅದೇ ನಮ್ಮ ಕೊನೆಯ ಮಾತು. ಒಂದು ವರ್ಷ ಒಬ್ಬಳೇ ಆಡಿ, ಸೋತು, ನಾನೂ ಬಿಟ್ಟೆ.

ಅವಳಿರುವ ಕುಣಿಗಲ್ ಇಲ್ಲಿಂದ ಒಂದು ಗಂಟೆಯ ದಾರಿ. ಅವಳೇ ಫೋನ್ ಮಾಡಲಿ ಎಂದು ಇಪ್ಪತ್ತೊಂದು ವರ್ಷ ಕಾದೆ. ಅಗಲಿಕೆಯ ಪದ್ಯಗಳನ್ನು ಎಷ್ಟೋ ಓದಿದೆ, ನಾನಾಗಿ ಒಂದು ಸಲವೂ ಫೋನ್ ಮಾಡಲಿಲ್ಲ. ಅವಳೂ ಅಲ್ಲಿ, ಮಾಡಬೇಕಾದವಳು ನಾನೇ ಎಂದುಕೊಂಡು, ಹೀಗೇ ನಿಂತಿದ್ದಾಳೋ ಏನೋ.

ನಂಬರ್ ಈ ಡೈರಿಯ ಕೊನೆಯ ಪುಟದಲ್ಲಿದೆ. ನಾಳೆ ಹನ್ನೊಂದಕ್ಕೆ ಮಾಡಬೇಕು, ಅಷ್ಟೊತ್ತಿಗೆ ಬೆಳಗಿನ ಮನೆಗೆಲಸವೆಲ್ಲ ಮುಗಿಸಿರುತ್ತಾಳೆ. ಎತ್ತಿದರೆ ಮೊದಲು ಏನೆಂದು ಕರೆಯಲಿ? ಆಗೆಲ್ಲ ವನೀ ಎನ್ನುತ್ತಿದ್ದೆ, ಈಗಲೂ ಹಾಗೇ ಕರೆಯುತ್ತೇನೆ.