ಬೇಟೆ ನಾಯಿಗೆ ಬಿಸಿಲು ತಾಗದೇ?

ಬಾದಾಖೋಸ್ ಸೀಮೆ, ಜುಲೈ ೧೯

ಮೇಯರ್ ಅವರಿಗೆ,

ನನ್ನ ತಮ್ಮ ಬಾಸಿಲಿಯೊ ತನ್ನೆರಡು ನಾಯಿಗಳನ್ನು ಬಯಲಲ್ಲಿ ಸರಪಳಿ ಹಾಕಿ ಕಟ್ಟಿದ್ದ. ನಲವತ್ನಾಲ್ಕು ಡಿಗ್ರಿ ಬಿಸಿಲು. ನಾನೇ ಹೋಗಿ ನಿಮ್ಮ ಪೊಲೀಸನನ್ನು ಕರೆತಂದೆ.

"ಇವು ಮೊಲದ ಬೇಟೆ ನಾಯಿ, ರೆಮೇದಿಯೋಸಮ್ಮ. ಬಿಸಿಲಲ್ಲಿ ಕಟ್ಬಾರ್ದು ಅನ್ನೋ ಕಾನೂನು ಸಾಕುನಾಯಿಗೆ ಮಾತ್ರ," ಎಂದ ಪೊಲೀಸ.

"ಅದನ್ನ ಸೂರ್ಯಂಗೂ ಹೇಳಿದ್ದೀಯೇನಪ್ಪಾ?" ಎಂದೆ.

"ಅಕ್ಕನ ತಲೆಗೇ ಬಿಸಿಲು ಏರಿದೆ," ಎಂದು ತಮ್ಮ ನಕ್ಕ.

ಸಂಜೆಗೆ ಹೆಣ್ಣುನಾಯಿ ಸತ್ತಿತು. ನೀರಿನ ಬೋಗುಣಿ ಅದರ ಬಾಯಿಗೆ ಒಂದೇ ಗೇಣು ದೂರವಿತ್ತು.

ಇನ್ನೊಂದನ್ನು ಬಿಚ್ಚಿ ತಂದಿದ್ದೇನೆ. ನನ್ನ ಮಂಚದ ಕೆಳಗೆ ಮಲಗಿದೆ. ನನ್ನ ತಮ್ಮ ಕಳ್ಳತನದ ದೂರು ಕೊಡುತ್ತಾನೆ. ಬರೆದುಕೊಳ್ಳಿ, ಜೈಲಿಗೂ ಬರುತ್ತೇನೆ. ಆದರೆ ಕದ್ದದ್ದು ಏನು ಎಂಬಲ್ಲಿ ಸಾಕುನಾಯಿ ಎಂದೇ ಬರೆಯಿರಿ. ಆಮೇಲೆ ಅದನ್ನು ಬಿಸಿಲಿಗೆ ಕಟ್ಟಲು ನಿಮ್ಮ ಕಾನೂನೇ ಬಿಡುವುದಿಲ್ಲ.

ಇಂತಿ,
ನಾಯಿ ಕದ್ದ ರೆಮೇದಿಯೋಸ್